ಸೊಪ್ಪು ಶೋಧಿಸುವ ಕೆಲಸ

ಶ್ರಾವಕರ ಮನೆಗಳಲ್ಲಿ ಸೊಪ್ಪಿನ ವಿಚಾರ ಬಂದಾಗ ಸಾಮಾನ್ಯವಾಗಿ ಕೇಳಿಬರುವುದು ಬಿಡುವ ಮಾತೇ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ಬಿಡಬೇಕು; ದಶಲಕ್ಷಣ ಪರ್ವದಲ್ಲಿ ಬಿಡಬೇಕು; ಚಾತುರ್ಮಾಸದ ನಾಲ್ಕು ತಿಂಗಳು ಸೊಪ್ಪನ್ನೇ ಮುಟ್ಟಬಾರದು. ಮಳೆಗಾಲದ ಎಲೆಯ ಬೆನ್ನಿನಲ್ಲಿ ಎಷ್ಟು ತ್ರಸಜೀವಿಗಳು ಆಶ್ರಯ ಪಡೆದಿರುತ್ತವೆ ಎಂಬುದನ್ನು ಒಮ್ಮೆ ಕಂಡವರಿಗೆ ಈ ನಿಯಮದ ಕಾರಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಆದರೆ ಉಳಿದ ಎಂಟು ತಿಂಗಳು ನಾವು ತಿನ್ನುವ ಸೊಪ್ಪು ಎಲ್ಲಿ ಬೆಳೆಯಿತು, ಹೇಗೆ ಬೆಳೆಯಿತು ಎಂಬ ಪ್ರಶ್ನೆಯನ್ನು ನಮ್ಮ ಸಮಾಜದಲ್ಲಿ ಕೇಳುವವರು ವಿರಳ.

ಮೈಸೂರಿನ ನಮ್ಮ ಮನೆಯ ಹಿಂದೆ ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹಿತ್ತಲಿದೆ. ಕಾರ್ಕಳದ ಕಡೆಯವರಾದ ನನ್ನ ಅತ್ತೆಯವರು ತವರಿನಿಂದ ಬಸಳೆಯ ಬಳ್ಳಿಯ ತುಂಡೊಂದನ್ನು ತಂದು ಅಲ್ಲಿ ಊರಿ, ಬಿದಿರಿನ ಚಪ್ಪರ ಹಾಕಿಸಿದ್ದರು. ಅದರ ಪಕ್ಕದಲ್ಲಿ ಹರಿವೆ, ಮೆಂತ್ಯ. ಪಾತ್ರೆ ತೊಳೆದ ನೀರು ಹರಿಯುವ ಕಡೆ ಒಂದೆಲಗ. ಮೂಲೆಯಲ್ಲಿ ಒಂದು ನುಗ್ಗೆಮರ. ಹರಿವೆಯ ಬೀಜ ಸಾಸಿವೆಗಿಂತಲೂ ಸಣ್ಣದು. ಕೈಯಿಂದ ಹಾಗೆಯೇ ಚೆಲ್ಲಿದರೆ ಒಂದೇ ಕಡೆ ರಾಶಿ ಬೀಳುತ್ತದೆ. ಒಂದು ಹಿಡಿ ಒಣ ಮರಳಿನಲ್ಲಿ ಬೆರೆಸಿ ಬಿತ್ತಿದರೆ ಸಮನಾಗಿ ಹುಟ್ಟಿ, ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ.

ಕೊಯ್ಯುವುದಕ್ಕೂ ಅತ್ತೆಯವರದೊಂದು ಕ್ರಮವಿತ್ತು. ನರಗಳು ಸ್ಪಷ್ಟವಾಗಿ ಕಾಣುವ ಬಲಿತ ಎಲೆಯನ್ನು ಮಾತ್ರ ಚಿವುಟುವುದು, ಕುಡಿಯನ್ನು ಮುಟ್ಟದಿರುವುದು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ, ನರ ಮತ್ತು ಸಂಧಿಗಳು ಇನ್ನೂ ಮೂಡಿ ಕಾಣದಿರುವುದನ್ನು ಸಾಧಾರಣ ವನಸ್ಪತಿಯ ಲಕ್ಷಣಗಳಲ್ಲಿ ಒಂದಾಗಿ ಹೇಳಿದೆ, ಅಂತಹ ಒಂದೇ ಶರೀರದಲ್ಲಿ ಅನಂತ ಜೀವಗಳಿರುತ್ತವೆ. ಅತ್ತೆಯವರು ಆ ಗ್ರಂಥವನ್ನು ಓದಿದವರಲ್ಲ. ಆದರೆ ಕುಡಿ ಉಳಿಸಿದ ಗಿಡ ಮತ್ತೆ ಮತ್ತೆ ಎಲೆ ಕೊಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶಾಸ್ತ್ರವೂ ತೋಟಗಾರಿಕೆಯೂ ಒಂದೇ ಮಾತು ಹೇಳುವುದು ಅಪರೂಪ. ಹೇಳಿದಾಗ ಕೇಳುವುದು ಲಾಭ.

ನೆಲ ಅಗೆದು ಗಿಡ ಬೆಳೆಸುವುದರಲ್ಲಿ ಹಿಂಸೆಯಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಗೃಹಸ್ಥನ ಬಾಳಿನಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆ ಅದು. ಅದನ್ನು ಎಷ್ಟರಮಟ್ಟಿಗೆ ಕಡಿಮೆ ಮಾಡಬಲ್ಲೆವೆಂಬುದೇ ಪ್ರಶ್ನೆ. ಹರಿವೆಯ ಎಲೆಯನ್ನು ಮಡಿಸಿ ಒಳಗೆ ಗೂಡು ಕಟ್ಟುವ ಹಸಿರು ಹುಳುವೊಂದಿದೆ. ಮಡಿಸಿದ ಎಲೆಯನ್ನು ನಾವು ಕೀಳುವುದಿಲ್ಲ. ಅದು ಹುಳುವಿನ ಪಾಲು. ನುಗ್ಗೆಮರಕ್ಕೆ ಕಂಬಳಿಹುಳು ಬಂದಾಗ ಪಂಜು ಹಿಡಿದು ಸುಡುವ ರೂಢಿ ಹಲವೆಡೆ ಇದೆ. ನಾವು ಆ ಕೆಲವು ವಾರ ಮರದ ಕೆಳಗೆ ಓಡಾಡುವುದನ್ನು ಬಿಡುತ್ತೇವೆ, ಅಷ್ಟೆ. ಬೋಳಾದ ಮರ ತಾನಾಗಿಯೇ ಮತ್ತೆ ಚಿಗುರುತ್ತದೆ. ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಹುಳುಗಳೆಲ್ಲ ತೇಲಿಬರುತ್ತವೆ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ತೇಲಿಬಂದ ಹುಳುವಿನ ಗತಿಯೇನೆಂದು ಬರೆಯುವುದಿಲ್ಲ! ಬಿಳಿಯ ಬಟ್ಟೆಯ ಮೇಲೆ ಸೊಪ್ಪನ್ನು ಮೆಲ್ಲನೆ ಕೊಡವಿ, ಹಗಲು ಬೆಳಕಿಗೆ ಒಂದೊಂದೇ ಎಲೆಯನ್ನು ತಿರುವಿ ನೋಡಿ, ಕಂಡ ಜೀವಿಯನ್ನು ಅದೇ ಗಿಡದ ಬುಡಕ್ಕೆ ಬಿಡುವುದು ನಮ್ಮ ಪದ್ಧತಿ. ನೀರು ಗಾಳಿಸಿದ ಬಟ್ಟೆಯನ್ನು ಅದೇ ಬಾವಿಯ ನೀರಿಗೆ ಜಾಲಿಸುತ್ತಿದ್ದ ಹಿರಿಯರ ಕ್ರಮವೇ ಇದು, ಬೇರೆಯಲ್ಲ. ಹಿತ್ತಲಿದ್ದರೆ ಮರಳಿಸಲು ಸ್ಥಳವೊಂದಿರುತ್ತದೆ.

ಮಾರುಕಟ್ಟೆಯಲ್ಲಿ ಒಂದು ರಂಧ್ರವೂ ಇಲ್ಲದ ಸೊಪ್ಪಿನ ಕಟ್ಟನ್ನು ಕಂಡರೆ ನಾವು ಸಂತೋಷಪಡುತ್ತೇವೆ. ಹುಳು ತಿನ್ನದ ಎಲೆಯೆಂದರೆ ಅನೇಕ ವೇಳೆ ಹುಳುವನ್ನು ಮೊದಲೇ ಕೊಂದ ಎಲೆ. ಫಲ ಸ್ವಲ್ಪ, ಜೀವಘಾತ ಬಹಳ ಎಂಬ ಕಾರಣಕ್ಕಾಗಿ ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಬಿಡಬೇಕೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ್ದಾರೆ. ಆ ಅಳತೆಗೋಲನ್ನು ಔಷಧ ಸಿಂಪಡಿಸಿದ ಹೊಲಕ್ಕೆ ಹಿಡಿದರೆ ಏನಾದೀತು? ಕೊಲ್ಲುವ ಕೈ ನಮ್ಮದಲ್ಲವೆಂಬ ಸಮಾಧಾನ ನನಗೆ ಸಾಲದು. ಅನ್ಯರಿಂದ ಮಾಡಿಸುವುದೂ ಅನುಮೋದಿಸುವುದೂ ಸ್ವತಃ ಮಾಡುವುದರ ಜೊತೆಯಲ್ಲಿಯೇ ಎಣಿಸಲ್ಪಡುತ್ತವೆ ಎಂದು ಚಿಕ್ಕಂದಿನಿಂದ ಕೇಳಿಲ್ಲವೇ ನಾವು?

2009ರ ಮಳೆಗಾಲದಲ್ಲಿ ನನ್ನ ಸೊಸೆ ಐದು ತಿಂಗಳ ಬಸುರಿ. ಹಿಮೋಗ್ಲೋಬಿನ್ 9 ಗ್ರಾಂಗೆ ಇಳಿದಿತ್ತು. ಗರ್ಭಿಣಿಯರಿಗೆ ಅದು 11ಕ್ಕಿಂತ ಕಡಿಮೆಯಾಗಬಾರದು. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ದಿನವೂ ಸೊಪ್ಪು ತಿನ್ನಬೇಕೆಂದರು. ಅವಳೋ ಮದುವೆಯಾಗಿ ಬಂದ ವರ್ಷವೇ ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ನಿಯಮ ತೆಗೆದುಕೊಂಡವಳು. ಮಾತ್ರೆ ಹೊಟ್ಟೆಗೆ ಒಗ್ಗದೆ ವಾಂತಿಯಾಗುತ್ತಿದ್ದರೂ ನಿಯಮ ಮುರಿಯಲು ಒಪ್ಪಲಿಲ್ಲ. ಬಂಧುಗಳಲ್ಲಿ ಕೆಲವರು ಅವಳ ದೃಢತೆಯನ್ನು ಹೊಗಳಿದರು. ಹೊಗಳುವವರಿಗೆ ಅದರಿಂದ ಖರ್ಚೇನೂ ಇರಲಿಲ್ಲ.

ಆಗ ಎಪ್ಪತ್ತೆಂಟು ವರ್ಷದವರಾಗಿದ್ದ ಅತ್ತೆಯವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನಿಯಮ ತೆಗೆದುಕೊಂಡವಳು ನೀನೊಬ್ಬಳು ಮಗಳೇ, ಈಗ ಊಟ ಮಾಡುತ್ತಿರುವವರು ಇಬ್ಬರು” ಎಂದರು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತ್ಯಾಗ’ ಎಂಬುದೊಂದಿದೆ. ತ್ಯಾಗಕ್ಕೆ ಶಕ್ತಿಯೇ ಮಿತಿಯೆಂದು ಅದರ ಅರ್ಥ. ಆದರೂ ಗುರುಸಾಕ್ಷಿಯ ನಿಯಮವನ್ನು ಮನೆಯವರೇ ಸಡಿಲಿಸುವುದು ತರವಲ್ಲವೆಂದು, ಸಮೀಪದ ಬಸದಿಯಲ್ಲಿ ಚಾತುರ್ಮಾಸಕ್ಕೆ ತಂಗಿದ್ದ ಆರ್ಯಿಕೆಯವರಲ್ಲಿಗೆ ಅವಳನ್ನು ಕರೆದೊಯ್ದರು. ಮಾತಾಜಿಯವರು ಎಲ್ಲವನ್ನೂ ಕೇಳಿ, ಹೆರಿಗೆಯಾಗಿ ಚೇತರಿಸಿಕೊಳ್ಳುವವರೆಗೆ ಆ ನಿಯಮಕ್ಕೆ ವಿರಾಮ ಕೊಟ್ಟರು. ಅದರ ಬದಲಿಗೆ, ಶೋಧಿಸದ ಒಂದು ಎಲೆಯನ್ನೂ ತಿನ್ನಬಾರದೆಂಬ ಹೊಸ ನಿಯಮವನ್ನು ಕೊಟ್ಟರು.

ಶೋಧಿಸುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡರು. ಬೆಳಗಿನ ಬಿಸಿಲು ಬೀಳುವ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು, ಎರಡು ಹಿಡಿ ನುಗ್ಗೆಸೊಪ್ಪಿಗೆ ಒಂದು ಗಂಟೆ ಕೂರುತ್ತಿದ್ದರು. ತಾವು ಮಾತ್ರ ಆ ನಾಲ್ಕು ತಿಂಗಳೂ ಅದನ್ನು ಬಾಯಿಗಿಡಲಿಲ್ಲ. ಹೆರಿಗೆಯ ಹೊತ್ತಿಗೆ ಸೊಸೆಯ ಹಿಮೋಗ್ಲೋಬಿನ್ 11ನ್ನು ದಾಟಿತ್ತು. ವೈದ್ಯರು ಬದಲಿಸಿಕೊಟ್ಟ ಮಾತ್ರೆಯ ಪಾಲೂ ಅದರಲ್ಲಿದೆ. ಎಲ್ಲ ಶ್ರೇಯಸ್ಸನ್ನೂ ಸೊಪ್ಪಿಗೆ ಕೊಡಲಾರೆ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಸೊಪ್ಪಿಗೆ ರುಚಿಯೆಲ್ಲಿಂದ ಎಂದು ಕೇಳುವವರು ಆಗತಾನೆ ಕೊಯ್ದ ಹರಿವೆಯನ್ನು ತಿಂದಿರಲಾರರು. ತೊಗರಿಬೇಳೆಯೊಡನೆ ಬೇಯಿಸಿ, ತೆಂಗಿನಕಾಯಿ, ಒಣಮೆಣಸಿನಕಾಯಿ, ಚೂರು ಹುಣಸೆಹಣ್ಣು ರುಬ್ಬಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟರೆ ಸಾಕು. ನುಗ್ಗೆಸೊಪ್ಪಿನ ಪಲ್ಯವನ್ನು ಒಲೆಯಿಂದಿಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು. ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಹುಳಿ ನೆರವಾಗುತ್ತದೆ. ಒಂದೆಲಗವನ್ನು ಜೀರಿಗೆಯೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಇದರ ಒಗ್ಗರಣೆಗೆ ಉದ್ದಿನಬೇಳೆ ಹಾಕುವುದಿಲ್ಲ; ಮಜ್ಜಿಗೆಯೊಡನೆ ಬೇಳೆ ಸೇರಿದರೆ ದ್ವಿದಳ ದೋಷ. ಬೇಸಗೆಯ ಮಧ್ಯಾಹ್ನ ಇದಕ್ಕಿಂತ ತಂಪಾದ ಊಟವನ್ನು ನಾನು ಕಾಣೆ.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಒಂದು ವಿಜ್ಞಾಪನೆಯಿದೆ. ಅನೇಕ ಬಸದಿಗಳ ಹಿಂದೆ ಬಾವಿಯೂ ಪಾಳುಬಿದ್ದ ಜಾಗವೂ ಇವೆ. ತ್ಯಾಗಿಗಳ ಆಹಾರಕ್ಕೆ, ಉತ್ಸವದ ಊಟಕ್ಕೆ ಪೇಟೆಯಿಂದ ಕಟ್ಟುಗಟ್ಟಲೆ ಸೊಪ್ಪು ತರಿಸುವ ಬದಲು, ಚಾತುರ್ಮಾಸ ಮುಗಿದೊಡನೆ ಅಲ್ಲಿ ನಾಲ್ಕು ಮಡಿ ಹರಿವೆ ಬಿತ್ತಬಹುದು. ಮೊದಲ ಸಲ ಬೀಜವನ್ನು ಯಾರಾದರೂ ಕೊಡಬೇಕಾದೀತು. ಆಮೇಲೆ ಪ್ರತಿ ಮಡಿಯಲ್ಲಿ ಎರಡು ಗಿಡಗಳನ್ನು ಕೊಯ್ಯದೆ ತೆನೆಗೆ ಬಿಟ್ಟರೆ ಮುಂದಿನ ಬಿತ್ತನೆಗೆ ಆಗಿ ಮಿಗುತ್ತದೆ.