ಕಾವಲಿನಲ್ಲಿ ಮೂರು ದಿನ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಕೆಲವು ವರ್ಷಗಳ ಹಿಂದೆ ವಿಜ್ಞಾನಿಗಳೊಡನೆ ನಮ್ಮ ಸೀಮೆಯ ಅಮೃತಮಹಲ್ ಕಾವಲಿನಲ್ಲಿ ಕಳೆದ ಮೂರು ದಿನಗಳು ನೆನಪಾದವು.

ಅಧ್ಯಾಪಕರು ವಿಜ್ಞಾನಿಗಳೊಡಗೂಡಿ ಜೀವಿಗಳ ಸಮೀಕ್ಷೆಗೆ ಹೊರಡುವುದು ನಮ್ಮ ನಾಡಿಗೆ ಹೊಸದೇನಲ್ಲ. ೧೯೯೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜು ಅಧ್ಯಾಪಕರನ್ನು ಒಗ್ಗೂಡಿಸಿ ಇಂಥ ಕಾರ್ಯ ನಡೆಸಿದ್ದರು. ಅದು ಮಲೆನಾಡಿನ ಮಾತು. ಶಿವನಿಯ ಬಯಲಿನಲ್ಲಿ ಹುಲ್ಲು, ತಂಗಡಿ, ಬಂದರಿಕೆಗಳನ್ನು ಬಿಟ್ಟರೆ ಎಣಿಸಲು ಏನಿದೆಯೆಂದು ನಾನು ಅಂದುಕೊಂಡಿದ್ದೆ. ಜೀವಶಾಸ್ತ್ರ ಬೋಧಿಸುವವನಿಗೆ ಇಂಥ ಯೋಚನೆ ಬಂದುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಾವಲುಗಳೆಂದರೆ ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಆ ತಳಿಯ ಸಂವರ್ಧನ ಕೇಂದ್ರ ನೆರೆಯ ಅಜ್ಜಂಪುರದಲ್ಲಿಯೇ ಇದೆ.

ಮೊದಲ ದಿನ ಹಿರಿಯ ವಿಜ್ಞಾನಿಗಳು ನಾಲ್ಕು ಗೂಟ ನೆಟ್ಟು, ಹುರಿಯಿಂದ ಒಂದು ಮೀಟರಿನ ಚೌಕ ಕಟ್ಟಿ, "ಇದರೊಳಗೆ ಎಷ್ಟು ಬಗೆಯ ಸಸ್ಯಗಳಿವೆ ನೋಡಿ, ಮೇಷ್ಟ್ರೇ" ಎಂದರು. ಗರಿಕೆಯನ್ನು ಗುರುತಿಸಿದೆ. ಮುಂದೆ ಬಾಯಿ ಕಟ್ಟಿತು. ಸಮೀಪದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಬಂದು ಕುಕ್ಕರುಗಾಲಿನಲ್ಲಿ ಕುಳಿತ. ಕುರಿ ಯಾವುದಕ್ಕೆ ಮೊದಲು ಬಾಯಿ ಹಾಕುತ್ತದೆ, ಯಾವುದನ್ನು ಹಸಿದಾಗ ಮಾತ್ರ ಮುಟ್ಟುತ್ತದೆ ಎಂಬ ಲೆಕ್ಕದಲ್ಲಿಯೇ ಹನ್ನೊಂದು ಬಗೆಗಳನ್ನು ಬೇರ್ಪಡಿಸಿದ. ೨೦೦೨ರ ಜೀವವೈವಿಧ್ಯ ಕಾಯಿದೆಯಿಂದಾಗಿ ಊರೂರಿನ ಜೀವಸಂಪತ್ತಿನ ದಾಖಲಾತಿ ಆಗಬೇಕಾಗಿದೆಯಷ್ಟೆ. ಅದಕ್ಕೆ ಇಂಥವರೇ ಬೇಕೆಂದು ವಿಜ್ಞಾನಿಗಳು ಅವನ ಮಾತನ್ನು ಬರೆದುಕೊಂಡರು.

ಪಂಚೆಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜವೊಂದನ್ನು ಅವರು ನೀರಿನಲ್ಲಿ ಒದ್ದೆಮಾಡಿ ನನ್ನ ಅಂಗೈಮೇಲಿಟ್ಟರು. ಅದರ ಹುರಿಗೊಂಡ ಬಾಲ ಬಿಚ್ಚಿಕೊಳ್ಳುತ್ತ ಮೆಲ್ಲಗೆ ತಿರುಗತೊಡಗಿತು. ತೇವ ತಗಲಿ ಒಣಗಿದಂತೆಲ್ಲ ಹೀಗೆ ತಿರುಗುತ್ತ ಬೀಜ ತಾನೇ ನೆಲವನ್ನು ಕೊರೆದು ಒಳಗಿಳಿಯುತ್ತದೆ. ಐವತ್ತು ವರ್ಷ ಅದನ್ನು ಬೈಯುತ್ತ ಕಿತ್ತೆಸೆದವನು ನಾನು!

ಮೂರನೆಯ ದಿನ ಕಾವಲಿನ ಅಂಚಿನ ನೀಲಗಿರಿ ತೋಪಿನಲ್ಲಿ ಚೌಕ ಕಟ್ಟಿದೆವು. ಆ ತೋಪು ನನ್ನದೇ ಎನ್ನಬೇಕು. ಬಂಜರು ಭೂಮಿಯನ್ನು ಹಸಿರಾಗಿಸೋಣವೆಂದು ಫಲಕ ಬರೆಸಿ, ಹಲವು ವನಮಹೋತ್ಸವಗಳಲ್ಲಿ ಮಕ್ಕಳ ಕೈಯಿಂದ ಅಲ್ಲಿ ಸಸಿ ನೆಡಿಸಿದ್ದೆ. ಒಣ ಎಲೆಗಳ ನಡುವೆ ನಮಗೆ ದೊರೆತದ್ದು ಎರಡೇ ಬಗೆಯ ಸಸ್ಯ. ಬಯಲಿನಲ್ಲಿ ಹೆಜ್ಜೆಹೆಜ್ಜೆಗೂ ಪುರ್ರನೆ ಏಳುತ್ತಿದ್ದ ನೆಲಗುಬ್ಬಿ ಅಲ್ಲಿ ಒಂದೂ ಇರಲಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ, ಓಟವನ್ನೇ ನೆಚ್ಚಿದ ಕೃಷ್ಣಮೃಗಕ್ಕೆ, ಚಳಿಗಾಲದಲ್ಲಿ ದೂರದೇಶದಿಂದ ಬಂದು ಹುಲ್ಲಿನ ನಡುವೆ ರಾತ್ರಿ ಕಳೆಯುವ ಗಿಡುಗಕ್ಕೆ ತೆರೆದ ಬಯಲೇ ಮನೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಿದ್ದೂ ಕೃಷ್ಣಮೃಗಗಳಿಗಾಗಿಯೇ. ವಿಜ್ಞಾನಿಗಳು ಇಷ್ಟನ್ನು ವಿವರಿಸಿದರೇ ಹೊರತು ನನ್ನನ್ನು ಆಕ್ಷೇಪಿಸಲಿಲ್ಲ. ಅಜ್ಜ ಮಾತ್ರ ಸುಮ್ಮನಿರಲಿಲ್ಲ.

"ಆವತ್ತೇ ಹೇಳೋಣ ಅಂತಿದ್ದೆ ಮೇಷ್ಟ್ರೇ, ಕುರಿಗೆ ಮೇವು ಹೋಯ್ತದೆ ಅಂತ. ನೀವು ಓದಿದೋರು, ನಿಮಗೆ ಗೊತ್ತಿರ್ತದೆ ಅಂತ ಬಾಯಿ ಮುಚ್ಕೊಂಡೆ."

ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ.

ಮರುವರ್ಷ ಸಸಿಗಳು ಬಂದಾಗ ಅವನ್ನು ಶಾಲೆಯ ಬೇಲಿಯ ಗುಂಟ ನೆಡಿಸಿ, ಗೂಟ ಹುರಿಗಳೊಡನೆ ಮಕ್ಕಳನ್ನು ಕಾವಲಿಗೆ ಕರೆದೊಯ್ದೆ. ಅಜ್ಜನಿಗೂ ಹೇಳಿಕಳುಹಿಸಿದ್ದೆ. ಪಟ್ಟಿ ಬರೆಯುತ್ತಿದ್ದ ಹುಡುಗಿಯೊಬ್ಬಳು ಒಂದು ಹುಲ್ಲನ್ನು ಎತ್ತಿ ಹಿಡಿದು, "ಸಾರ್, ಇದರ ಹೆಸರೇನು?" ಎಂದಳು.

"ಅಜ್ಜನ್ನ ಕೇಳಮ್ಮ" ಎಂದೆ.