ಬಂದ ದಾರಿಯ ಗುರುತು

ನಮ್ಮ ಹೈಸ್ಕೂಲಿನಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಲ್ಲಿ ಕೆಲಸಮಾಡುತ್ತಿರುವರು. ನರ್ಸ್ ಆದವಳ ಕೆಲಸವನ್ನೂ ಉಪಾಧ್ಯಾಯಿನಿಯಾದವಳ ಕೆಲಸವನ್ನೂ ಹೆತ್ತವರು ಕಣ್ಣಾರೆ ನೋಡಬಹುದು. ಇವರ ಕೆಲಸವಾದರೋ ಹಾಗಲ್ಲ. "ಅಮ್ಮನವರೇ, ನನ್ನ ಮಗಳು ಮೂರು ವಾರಗಳಿಂದ ರಾತ್ರಿ ಬಹು ಹೊತ್ತಿನ ತನಕ ಎಚ್ಚತ್ತು ಕುಳಿತಿರುತ್ತಾಳೆ. ಕೇಳಿದರೆ, ಕರ್ನೆಲ್ಲಿನಲ್ಲಿ ಸ್ಟ್ಯಾಕ್ ಬಿಚ್ಚುವುದು ತಪ್ಪುತ್ತಿದೆ, ಸರಿಮಾಡುತ್ತಿದ್ದೇನೆ ಎನ್ನುತ್ತಾಳೆ. ಅಂಥದ್ದಕ್ಕಾಗಿ ನಿದ್ರೆಗೆಡುವುದು ತಕ್ಕದ್ದೋ?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ಮಗಳು ರಜೆಯಲ್ಲಿ ಊರಿಗೆ ಬಂದಾಗ ಎರಡು ಸಾಯಂಕಾಲ ಅವಳನ್ನು ಕೂರಿಸಿಕೊಂಡು ಕೇಳಿದೆನು. ತಿಳಿದುಕೊಂಡಷ್ಟನ್ನು ಇತರ ತಾಯಿತಂದೆಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಕರ್ನೆಲ್ ಎಂದರೆ ಕಂಪ್ಯೂಟರನ್ನು ನಡೆಯಿಸುವ ವ್ಯವಸ್ಥೆಯ ತಿರುಳು. ಲೀನಸ್ ಟೊರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ಬರೆಯಲಾರಂಭಿಸಿದ ಲಿನಕ್ಸ್ ಅಂಥದೊಂದು ಕರ್ನೆಲ್. ಅದರಲ್ಲಿ ಕೆಲಸವೆಲ್ಲವೂ ಫಂಕ್ಷನ್ ಎಂಬ ಸಣ್ಣ ಭಾಗಗಳಲ್ಲಿ ಹಂಚಿಹೋಗಿದೆ. ಒಂದು ಭಾಗವು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು ಕರೆಯುತ್ತದೆ. ನಾನು ಒಬ್ಬ ಉಪಾಧ್ಯಾಯಿನಿಯನ್ನು ಪುಸ್ತಕಭಂಡಾರಕ್ಕೆ ಕಳುಹಿಸಿದರೆ, ಆಕೆ ಬೀಗದ ಕೈಗಾಗಿ ಒಬ್ಬ ಹುಡುಗಿಯನ್ನು ಜವಾನನ ಬಳಿಗೆ ಕಳುಹಿಸಿದಂತೆ. ಪ್ರತಿಯೊಂದು ಕರೆಯಲ್ಲಿಯೂ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕೆಂಬ ವಿಳಾಸವನ್ನು ಒಂದರ ಮೇಲೊಂದಾಗಿ ಇಡಲಾಗುತ್ತದೆ. ಆ ಅಟ್ಟಿಗೆ ಸ್ಟ್ಯಾಕ್ ಎಂದು ಹೆಸರು.

ಯಂತ್ರವು ನಿಧಾನವಾದಾಗ ಕಾಲವೆಲ್ಲವೂ ಎಲ್ಲಿ ಕಳೆಯುತ್ತಿದೆ ಎಂಬುದನ್ನು ಹುಡುಕುವುದಕ್ಕೆ ಪ್ರೊಫೈಲರ್ ಎಂಬ ಸಾಧನವುಂಟು. ಲಿನಕ್ಸಿನಲ್ಲಿ ಪರ್ಫ್ ಎಂಬದು ೨೦೦೯ರಿಂದ ಈ ಕೆಲಸಕ್ಕೆ ಇದೆ. ಅದು ಸೆಕೆಂಡಿಗೆ ೯೯ ಸಾರಿ ಎಂಬಂತೆ, ನಾವು ಹೇಳಿದಷ್ಟು ಸಾರಿ ಯಂತ್ರವನ್ನು ಕ್ಷಣಮಾತ್ರ ತಡೆದು, "ನೀನು ಎಲ್ಲಿರುವೆ? ನಿನ್ನನ್ನು ಕರೆದವರಾರು? ಅವರನ್ನು ಕರೆದವರಾರು?" ಎಂದು ವಿಚಾರಿಸುತ್ತದೆ. ಹೀಗೆ ವಿಳಾಸಗಳನ್ನು ಒಂದೊಂದಾಗಿ ಹಿಂದಕ್ಕೆ ಓದುವುದೇ ಸ್ಟ್ಯಾಕ್ ಬಿಚ್ಚುವುದು.

ಕಷ್ಟವೇನೆಂದರೆ, ಆ ಅಟ್ಟಿಯಲ್ಲಿ ವಿಳಾಸಗಳೊಡನೆ ಬೇರೆ ಅಂಕೆಗಳೂ ಕಲೆತಿರುತ್ತವೆ. ಯಾವುದು ವಿಳಾಸ, ಯಾವುದು ಅಲ್ಲ ಎಂದು ಅವುಗಳ ಮೇಲೆ ಬರೆದಿರುವುದಿಲ್ಲ. ಇದಕ್ಕಾಗಿ ಹಿಂದಿನಿಂದ ಇದ್ದ ಉಪಾಯವು ಫ್ರೇಮ್ ಪಾಯಿಂಟರ್ ಎಂಬ ಕೊಂಡಿ. ಪ್ರತಿಯೊಂದು ಫಂಕ್ಷನ್ನೂ ತನ್ನ ಕೊಂಡಿಯನ್ನು ಹಿಂದಿನದಕ್ಕೆ ಸಿಕ್ಕಿಸಿಡುತ್ತದೆ. ಆದರೆ ಪ್ರತಿಸಾರಿಯೂ ಸಿಕ್ಕಿಸುವುದರಿಂದ ಯಂತ್ರದ ವೇಗವು ಸ್ವಲ್ಪ ತಗ್ಗುತ್ತದೆ. ಅಲ್ಲದೆ ಫಂಕ್ಷನ್ ಒಳಹೊಕ್ಕು ಕೊಂಡಿ ಸಿಕ್ಕಿಸುವುದಕ್ಕೆ ಮುಂಚೆಯೇ ವಿಚಾರಣೆ ಬಂದರೆ, ಅದನ್ನು ಕರೆದದ್ದರ ಹೆಸರು ಸಾಲಿನಿಂದ ಬಿಟ್ಟುಹೋಗುತ್ತದೆ. ಅಜ್ಜಿಯ ಹೆಸರು ಇರುವುದು, ತಾಯಿಯ ಹೆಸರು ಇರದು. ೨೦೧೭ರಲ್ಲಿ ಜೋಶ್ ಪೊಯಿಂಬೋ ಎಂಬವರು ಬರೆದ ಆರ್ಕ್ ಎಂಬ ಹೊಸ ಕ್ರಮವು ಲಿನಕ್ಸಿನ ೪.೧೪ನೆಯ ಆವೃತ್ತಿಯಲ್ಲಿ ಸೇರಿತು. ಇದರಲ್ಲಿ ಕೊಂಡಿಯಿಲ್ಲ. ಆಜ್ಞೆಗಳಲ್ಲಿ ಯಾವ ಸ್ಥಳದಲ್ಲಿ ನಿಂತರೆ ವಿಳಾಸವು ಎಷ್ಟು ದೂರದಲ್ಲಿರುವುದು ಎಂಬ ಪಟ್ಟಿಯನ್ನು ಮೊದಲೇ ಸಿದ್ಧಮಾಡಿಡುತ್ತಾರೆ. ಅದಕ್ಕೆ ೨ರಿಂದ ೪ ಮೆಗಾಬೈಟಿನಷ್ಟು ಸ್ಥಳ ಹಿಡಿಯುತ್ತದೆ. ಆದರೆ ಫಂಕ್ಷನ್ನುಗಳಿಗೆ ಹೊರೆಯಿಲ್ಲ.

ಈ ಪಟ್ಟಿಯ ಬಹುಭಾಗವನ್ನು ಯಂತ್ರವೇ ತಯಾರಿಸುತ್ತದೆ. ಕರ್ನೆಲ್ಲನ್ನು ಪ್ರವೇಶಿಸುವ ಬಾಗಿಲಿನಂಥ ಕೆಲವು ಭಾಗಗಳನ್ನು ಮಾತ್ರ ಜನರು ಕೈಯಿಂದಲೇ ಅಸೆಂಬ್ಲಿಯಲ್ಲಿ ಬರೆದಿರುವುದರಿಂದ, ಅಲ್ಲಿಯ ದೂರವನ್ನೂ ಅವರೇ ಸೂಚಿಸಬೇಕು. ನಮ್ಮ ಹುಡುಗಿಯ ಪಾಲಿಗೆ ಬಂದ ತಪ್ಪು ಅಲ್ಲಿತ್ತು. ಸೂಚನೆಯು ೮ ಬೈಟು ಕಡಿಮೆಯಾಗಿದ್ದುದರಿಂದ ವಿಳಾಸದ ಬದಲು ನೆರೆಯ ಅಂಕೆಯನ್ನು ಓದುತ್ತಿತ್ತು. ಆ ಅಂಕೆಯು ವಿಳಾಸದಂತೆ ಕಾಣದಿದ್ದರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತಿತ್ತು. ಅಕಸ್ಮಾತ್ತಾಗಿ ವಿಳಾಸದಂತೆಯೇ ಕಂಡರೆ, ಆ ಕೆಲಸದಲ್ಲಿ ಇಲ್ಲದಿದ್ದ ಫಂಕ್ಷನ್ನಿನ ಹೆಸರು ಲೆಕ್ಕದಲ್ಲಿ ಸೇರುತ್ತಿತ್ತು. ನಾಲ್ಕಾರು ಆಜ್ಞೆಗಳ ನಡುವೆ ವಿಚಾರಣೆ ಬಂದರೆ ಮಾತ್ರ ತಪ್ಪು ಕಾಣುತ್ತಿದ್ದುದರಿಂದ ಅದನ್ನು ಹಿಡಿಯಲು ಮೂರು ವಾರ ಹಿಡಿಯಿತು. ತಿದ್ದಿದ್ದು ಒಂದೇ ಸಾಲು.

"ಆ ವಿಚಿತ್ರ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿಬಿಟ್ಟಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿರಲಿಲ್ಲವೇ?" ಎಂದು ಕೇಳಿದೆನು. "ಮುಗಿಯುತ್ತಿತ್ತು, ಟೀಚರ್. ಆದರೆ ಲೆಕ್ಕವನ್ನು ನೋಡಿದವರು ತಪ್ಪಿಲ್ಲದ ಫಂಕ್ಷನ್ನನ್ನು ತಿದ್ದಲು ಹೋಗುತ್ತಿದ್ದರು, ತಪ್ಪಿರುವುದು ಹಾಗೆಯೇ ಉಳಿಯುತ್ತಿತ್ತು" ಎಂದಳು. ಅವಳು ಹೇಳಿದ ಇನ್ನೊಂದು ಸಂಗತಿಯು ನನ್ನ ಮನಸ್ಸಿನಲ್ಲಿ ನಿಂತಿದೆ. ಕರ್ನೆಲ್ ಕೆಟ್ಟು ನಿಂತಾಗ ತಾನು ಬಂದ ದಾರಿಯನ್ನು ಅಚ್ಚುಮಾಡುತ್ತದಷ್ಟೆ. ಅದರಲ್ಲಿ ನಂಬಿಕೆಗೆ ಸಾಲದ ಹೆಸರಿಗೆ ಮುಂಚೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತಾನೇ ಹಾಕುತ್ತದೆ. ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆ ತಿದ್ದುವ ಕೆಲಸದಲ್ಲಿಯಾದರೋ, ದಾರಿ ನಿಶ್ಚಯವಾಗಿ ತಿಳಿಯದಿದ್ದರೆ "ತಿಳಿಯದು" ಎಂದೇ ಉತ್ತರ ಬರಬೇಕು. ಊಹೆಯನ್ನು ನಂಬಿ ತಿದ್ದಿದರೆ ಯಂತ್ರವೇ ಕೆಟ್ಟೀತು. ಪ್ರೊಫೈಲರಿನ ಒಟ್ಟು ಲೆಕ್ಕದಲ್ಲಿ ಅಂಥ ಚಿಹ್ನೆ ಉಳಿಯುವುದಿಲ್ಲ. ಸುಳ್ಳು ಹೆಸರೂ ನಿಜವಾದ ಹೆಸರಿನಷ್ಟೇ ಗಂಭೀರವಾಗಿ ನಿಂತಿರುತ್ತದೆ. ಆದಕಾರಣ ಓದುವ ಕ್ರಮವೇ ಶುದ್ಧವಾಗಿರಬೇಕು.

ಶಾಲೆಯಲ್ಲಿ ದಿನಕ್ಕೆ ಹತ್ತು ದೂರುಗಳನ್ನು ಕೇಳುವವಳಾದ ನನಗೆ ಇದರ ಬೆಲೆ ತಿಳಿಯದೆ ಇಲ್ಲ. ಒಡೆದ ಗಾಜಿನ ಬಳಿಯಲ್ಲಿ ನಿಂತಿದ್ದವಳೇ ಒಡೆದವಳೆಂದು ಹೇಳಲು ಒಂದು ನಿಮಿಷ ಸಾಕು. ಅವಳನ್ನು ಅಲ್ಲಿಗೆ ಕಳುಹಿಸಿದವರಾರೆಂದು ತಿಳಿಯಲು ಒಂದು ಮಧ್ಯಾಹ್ನವೇ ಬೇಕಾಗುವುದು. ಆ ಮಧ್ಯಾಹ್ನವನ್ನು ಕೊಡಲೊಲ್ಲದವರು ಮಕ್ಕಳನ್ನು ಶಿಕ್ಷಿಸಲೂ ಬಾರದು. ನಮ್ಮ ಹುಡುಗಿಯು ಒಂದು ಸಾಲಿಗಾಗಿ ಮೂರು ವಾರ ಕೊಟ್ಟಳು. ಅದು ತಕ್ಕದ್ದೇ ಎಂದು ಅವಳ ತಾಯಿಗೆ ಹೇಳಿದೆನು. ರಾತ್ರಿಯ ಊಟವನ್ನು ಮಾತ್ರ ಹೊತ್ತಿಗೆ ಸರಿಯಾಗಿ ಮಾಡಬೇಕೆಂದು ಮಗಳಿಗೂ ಹೇಳಿದೆನು.