ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಿದ್ದ ಕಾಲ

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಡಿಟಿಪಿ ಸೆಂಟರುಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಆ ಸದ್ದು ಗೊತ್ತು. ಪೇಜ್‌ಮೇಕರ್‌ನಲ್ಲಿ ಪುಸ್ತಕ ಕಟ್ಟುತ್ತಿರುವಾಗ ಮುಖಪುಟದ ಚಿತ್ರಕ್ಕೆಂದು ಫೋಟೋಶಾಪ್ ತೆರೆದರೆ ಸಾಕು, ಡಬ್ಬಿಯೊಳಗಿನ ಹಾರ್ಡ್ ಡಿಸ್ಕ್ ಕರಕರ ಎನ್ನತೊಡಗುತ್ತಿತ್ತು. ಮುಂದಿನ ಪುಟ್ಟ ದೀಪ ಆರುತ್ತಲೇ ಇರಲಿಲ್ಲ. ಪ್ರೂಫ್ ನೋಡಲು ಪಕ್ಕದಲ್ಲಿ ಕೂತ ಲೇಖಕರು, “ಏನ್ರೀ, ಹ್ಯಾಂಗ್ ಆಯ್ತಾ?” ಎನ್ನುತ್ತಿದ್ದರು. “ಇಲ್ಲ ಸಾರ್, ಸ್ವಲ್ಪ ತಡೀರಿ, ಬರುತ್ತೆ” ಎನ್ನುತ್ತಿದ್ದೆವು.

ನಮ್ಮ ಯಂತ್ರಗಳಲ್ಲಿದ್ದದ್ದು 16 ಎಂಬಿ ರ‍್ಯಾಮ್. ಕಡಿಮೆ ಬಿದ್ದ ಜಾಗವನ್ನು ವಿಂಡೋಸ್ 95 ಡಿಸ್ಕ್‌ನಿಂದ ಎರವಲು ಪಡೆಯುತ್ತಿತ್ತು. ಎಲ್ಲ ಪ್ರೋಗ್ರಾಮುಗಳ ಮೆಮೊರಿಯನ್ನೂ 4 ಕೆಬಿಯ ಪೇಜುಗಳಾಗಿ ವಿಂಗಡಿಸಿ, ಬಹಳ ಹೊತ್ತಿನಿಂದ ಮುಟ್ಟದ ಪೇಜನ್ನು ಡಿಸ್ಕ್‌ನ ಸ್ವಾಪ್ ಫೈಲಿಗೆ ಸಾಗಹಾಕುವುದು, ಬೇಕೆಂದಾಗ ಮತ್ತೆ ತರುವುದು. ಹೊರಗೆ ಕಳಿಸುವ ಪೇಜಿನಲ್ಲಿ ಏನಾದರೂ ತಿದ್ದುಪಡಿ ಆಗಿದ್ದರೆ ಅದನ್ನು ಮೊದಲು ಡಿಸ್ಕ್‌ಗೆ ಬರೆದು, ಆಮೇಲೆ ಹೊಸದನ್ನು ಓದಬೇಕು. ಒಂದು ಪೇಜಿಗೆ ಎರಡು ಓಡಾಟ.

ಈ ಓಡಾಟ ಎಷ್ಟು ದುಬಾರಿ ಎಂದು ಲೆಕ್ಕ ಹಾಕಿದರೆ ದಿಗಿಲಾಗುತ್ತದೆ. ಆಗಿನ ರ‍್ಯಾಮ್ ಸುಮಾರು 60 ನ್ಯಾನೋ ಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಡಿಸ್ಕ್‌ನಲ್ಲಾದರೋ ತೋಳು ಸರಿಯಾದ ಟ್ರ್ಯಾಕಿಗೆ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಸುಮಾರು 10 ಮಿಲಿ ಸೆಕೆಂಡಾದರೂ ಬೇಕು. ರ‍್ಯಾಮ್‌ನಿಂದ ತರುವುದು ಒಂದು ಸೆಕೆಂಡಿನ ಕೆಲಸ ಎಂದುಕೊಂಡರೆ, ಡಿಸ್ಕ್‌ನಿಂದ ತರಲು ಹೆಚ್ಚುಕಡಿಮೆ ಎರಡು ದಿನ! ಅಲ್ಲಲ್ಲಿ ಒಂದೆರಡು ಪೇಜಾದರೆ ಗೊತ್ತಾಗುವುದಿಲ್ಲ. ಈಗ ತಾನೇ ಹೊರಗಟ್ಟಿದ್ದೇ ಮರುಕ್ಷಣ ಬೇಕಾಗುವ ಸ್ಥಿತಿ ಬಂದರೆ ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಕೈಕಟ್ಟಿ ಕೂರುತ್ತದೆ. ಇದೇ ಥ್ರಾಷಿಂಗ್. ಇದು ಏಕೆ ಆಗುತ್ತದೆ, ತಡೆಯುವುದು ಹೇಗೆ ಎಂದು ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲೇ ವಿವರಿಸಿದ್ದರು. ಒಂದು ಪ್ರೋಗ್ರಾಮು ಸದ್ಯಕ್ಕೆ ನಿಜವಾಗಿ ಬಳಸುತ್ತಿರುವ ಪೇಜುಗಳೆಲ್ಲ ರ‍್ಯಾಮ್‌ನಲ್ಲಿ ಹಿಡಿಯಬೇಕು, ಹಿಡಿಯದಿದ್ದರೆ ಅದನ್ನು ಓಡಿಸಲೇಬಾರದು ಎಂಬುದು ಅವರ ವಾದದ ತಿರುಳು.

ಡೆನ್ನಿಂಗ್ ಹೆಸರು ಕೇಳದೆಯೇ ನಮ್ಮ ಆಪರೇಟರುಗಳು ಅದನ್ನು ಪಾಲಿಸುತ್ತಿದ್ದರು. ಫೋಟೋಶಾಪ್ ಕೆಲಸವನ್ನೆಲ್ಲ ಮೊದಲು ಮುಗಿಸಿ, ಮುಚ್ಚಿ, ಆಮೇಲೆ ಪೇಜ್‌ಮೇಕರ್ ತೆರೆಯುವುದು. ಸ್ವಾಪ್ ಫೈಲು ಹಿಗ್ಗುತ್ತ ಕುಗ್ಗುತ್ತ ಡಿಸ್ಕ್ ತುಂಬ ಚೂರುಚೂರಾಗಿ ಹರಡದಂತೆ ನೋಡಿಕೊಳ್ಳಲು ಒಂದು ಉಪಾಯವಿತ್ತು: ಮೊದಲು ಡಿಫ್ರಾಗ್ ಓಡಿಸಿ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ವರ್ಚುವಲ್ ಮೆಮೊರಿಯ ಕನಿಷ್ಠ ಮತ್ತು ಗರಿಷ್ಠ ಎರಡಕ್ಕೂ ಒಂದೇ ಅಂಕಿ ಹಾಕುವುದು. ಎಸ್.ಪಿ. ರೋಡಿನಿಂದ ಹಳೆಯ ಡಿಸ್ಕೊಂದನ್ನು ತಂದು ಸ್ವಾಪ್ ಫೈಲನ್ನು ಅದಕ್ಕೆ ವರ್ಗಾಯಿಸಿದವರೂ ಇದ್ದರು. ಚಿತ್ರ ಓದುವ ತೋಳು ಬೇರೆ, ಪೇಜು ಸಾಗಿಸುವ ತೋಳು ಬೇರೆಯಾದಾಗ ಯಂತ್ರಕ್ಕೆ ಉಸಿರು ಬರುತ್ತಿತ್ತು.

ಮುಂದೆ ರ‍್ಯಾಮ್ ಅಗ್ಗವಾಯಿತು. ಆಮೇಲೆ ತಿರುಗುವ ತಟ್ಟೆಯೂ ಸರಿಯುವ ತೋಳೂ ಇಲ್ಲದ ಎಸ್‌ಎಸ್‌ಡಿ ಬಂತು. ಓದುವ ವಿಳಂಬ ಮಿಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಕ್ಕೆ ಇಳಿಯಿತು. ಆಂಡ್ರಾಯ್ಡ್ ಫೋನುಗಳು ಪೇಜನ್ನು ಹೊರಗೆ ಕಳಿಸುವ ಬದಲು ರ‍್ಯಾಮ್‌ನಲ್ಲೇ ಹಿಂಡಿ ಚಿಕ್ಕದು ಮಾಡಿ ಇಟ್ಟುಕೊಳ್ಳುತ್ತವೆ. ಸದ್ದು ಅಡಗಿತು. ಸದ್ದಿನ ಜೊತೆಗೆ, ತೊಂದರೆ ಎಲ್ಲಿದೆ ಎಂದು ಕಿವಿಯಿಂದಲೇ ತಿಳಿಯುತ್ತಿದ್ದ ಅನುಕೂಲವೂ ಹೋಯಿತು.

ಆದರೆ ಡೆನ್ನಿಂಗ್ ಹೇಳಿದ ಮಾತು ಹಳತಾಗಿಲ್ಲ. 4 ಜಿಬಿಯ ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಹತ್ತಾರು ಟ್ಯಾಬುಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡುವ ವಿದ್ಯಾರ್ಥಿಗಳನ್ನು ಈಗಲೂ ನೋಡುತ್ತೇನೆ. ಯಂತ್ರ ಹಳತಾಯಿತು, ಹೊಸದು ಬೇಕು ಎನ್ನುತ್ತಾರೆ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಎಷ್ಟು ತುಂಬಿದೆ, ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂದು ಮೊದಲು ನೋಡಿ ಎನ್ನುತ್ತೇನೆ. ಎಷ್ಟೋ ಸಲ ಬೇಕಿರುವುದು ಇನ್ನೊಂದು ರ‍್ಯಾಮ್ ಪಟ್ಟಿ ಮಾತ್ರ. ಹೊಸ ಯಂತ್ರದ ಸಾಲವಲ್ಲ.